ತಲೆಸುತ್ತಿನ ಥೆರಪಿಗೆ ನಾಲ್ಕು ಸ್ಟಾರ್, ಮನೆಗೆ ಕೊಟ್ಟು ಕಳ್ಸಿದ ಹಾಳೆಗೆ ಒಂದೂವರೆ

ಥೆರಪಿ ಮುಗ್ದು ನಾಲ್ಕು ತಿಂಗಳಾಯ್ತು, ರಿವ್ಯೂ ಈಗ ಬರೀತಿದೀನಿ. ಮುಗ್ದ ವಾರಾನೇ ಬರೆದಿದ್ರೆ ಕಣ್ಣು ಮುಚ್ಕೊಂಡು ಐದು ಸ್ಟಾರ್ ಕೊಟ್ಬಿಡ್ತಿದ್ದೆ. (ಕಣ್ಣು ಮುಚ್ಕೊಂಡು ಅಂತ ಬರ್ದೆ ನೋಡಿ, ಆರು ತಿಂಗಳ ಹಿಂದೆ ಕಣ್ಣು ಮುಚ್ಕೊಂಡ್ರೆ ನನಗೆ ನೆಟ್ಟಗೆ ನಿಂತ್ಕೊಳ್ಳೋಕೂ ಆಗ್ತಿರ್ಲಿಲ್ಲ.) ಸೆಂಟರ್ ಹೆಸರು ಹಾಕಲ್ಲ, ಹೊಗಳೋದೂ ಇದೆ ಬೈಯೋದೂ ಇದೆ, ಸುಮ್ನೆ ಯಾಕೆ. ಆದ್ರೆ ತಲೆಸುತ್ತಿಗೆ ವ್ಯಾಯಾಮ ಹೇಳ್ಕೊಡೋ ಈ ತರದ ಥೆರಪಿಗೆ ಹೋಗಿ ಬಂದು, ಕೈಯಲ್ಲಿ ಒಂದು ವ್ಯಾಯಾಮದ ಹಾಳೆ ಹಿಡ್ಕೊಂಡು, ಈಗ ಮನೇಲಿ ಏನ್ ಮಾಡೋದು ಅಂತ ಕೂತಿರೋರಿಗೆ ಉಪಯೋಗ ಆಗ್ಬಹುದು ಅಂತ ಎಲ್ಲಾ ಬಿಡಿಸಿ ಬರೀತಿದೀನಿ, ಉದ್ದ ಆಗುತ್ತೆ, ಮೊದ್ಲೇ ಹೇಳಿದೀನಿ.

ಒಂದು ಲೆಕ್ಕ ಹೇಳ್ತೀನಿ. ಎಂಟು ವಾರದಲ್ಲಿ ಆರು ಸಲ ಹೋಗಿದ್ದು, ಪ್ರತಿ ಸಲ ಮುಕ್ಕಾಲು ಗಂಟೆ, ಅಂದ್ರೆ ಥೆರಪಿಸ್ಟ್ ಎದುರು ನಾನಿದ್ದದ್ದು ಒಟ್ಟು ನಾಲ್ಕೂವರೆ ಗಂಟೆ. ಮನೇಲಿ ದಿನಕ್ಕೆ 20 ನಿಮಿಷ ಅಂದ್ಕೊಂಡ್ರೂ ಅದೇ ಎಂಟು ವಾರಕ್ಕೆ ಹದಿನೆಂಟು ಗಂಟೆ ದಾಟುತ್ತೆ, ಅದಾದ್ಮೇಲಿನ ನಾಲ್ಕು ತಿಂಗಳು ಬೇರೆ. ಅಂದ್ರೆ ನಾವು ದುಡ್ಡು ಕೊಟ್ಟು ತಗೊಂಡಿದ್ರಲ್ಲಿ ಮುಕ್ಕಾಲು ಪಾಲು ನಡ್ದಿದ್ದು ನಮ್ಮ ಮನೆ ಗೋಡೆ ಮುಂದೆ, ಒಬ್ಬಳೇ, ಆ ಹಾಳೆ ನೋಡ್ಕೊಂಡು. ಹಾಗಿದ್ಮೇಲೆ ರಿವ್ಯೂ ಮಾಡ್ಬೇಕಾಗಿರೋದು ಅದನ್ನೇ ತಾನೆ? ರಿಸೆಪ್ಷನ್ನಲ್ಲಿ ಸೋಫಾ ಚೆನ್ನಾಗಿತ್ತು ಅಂತ ಬರೆದು ಏನ್ ಪ್ರಯೋಜನ.

ನನಗೆ ಆಗಿದ್ದೇನು ಅಂತ ಸ್ವಲ್ಪ ಹೇಳ್ಬಿಡ್ತೀನಿ, ಯಾಕಂದ್ರೆ ಎಲ್ಲಾ ತಲೆಸುತ್ತೂ ಒಂದೇ ಅಲ್ಲ ಅನ್ನೋದು ನನಗೇ ಗೊತ್ತಿರ್ಲಿಲ್ಲ. ಒಂದು ದಿನ ಬೆಳಗ್ಗೆ ಎದ್ದ ತಕ್ಷಣ ರೂಮು ಗಿರಗಿರ ತಿರುಗೋಕೆ ಶುರು, ನಿಲ್ಲಲೇ ಇಲ್ಲ, ಎರಡು ದಿನ ವಾಂತಿ ಮಾಡ್ಕೊಂಡು ಹಾಸಿಗೇಲೇ ಇದ್ದೆ. ಕಿವಿ ಚೆನ್ನಾಗೇ ಕೇಳಿಸ್ತಿತ್ತು. ಆಸ್ಪತ್ರೇಲಿ ನೋಡಿ ಎಡಗಿವಿ ಸಮತೋಲನದ ನರ ಊದ್ಕೊಂಡಿದೆ, ವೆಸ್ಟಿಬ್ಯುಲರ್ ನ್ಯೂರೈಟಿಸ್ ಅಂದ್ರು. ಗಿರಗಿರ ವಾರದಲ್ಲಿ ನಿಂತ್ತು, ಆದ್ರೆ ತಲೆ ಒಂದು ಕಡೆ ತಿರುಗ್ಸಿದ್ರೆ ಕಣ್ಣಿಗೆ ಕಾಣೋದು ಅರ್ಧ ಸೆಕೆಂಡ್ ಲೇಟಾಗಿ ಬಂದ ಹಾಗೆ, ನಡೆದ್ರೆ ಎಡಕ್ಕೆ ವಾಲೋದು, ಅದು ಹಾಗೇ ಉಳೀತು. ಇದು ಸಾಲ್ದು ಅಂತ ಒಂದು ತಿಂಗಳಾದ್ಮೇಲೆ ರಾತ್ರಿ ಎಡ ಮಗ್ಗುಲಿಗೆ ಹೊರಳಿದ್ರೆ ಸಾಕು, ಇಪ್ಪತ್ತು ಮೂವತ್ತು ಸೆಕೆಂಡ್ ಹಾಸಿಗೆ ಸಮೇತ ಎತ್ತಿ ತಿರುಗ್ಸಿ ಬಿಟ್ಟ ಹಾಗೆ. ನಾನು ಹಳೇದೇ ವಾಪಸ್ ಬಂತು ಅಂತ ಅತ್ತುಬಿಟ್ಟೆ. ಅದು ಹಳೇದಲ್ಲ, ಬಿಪಿಪಿವಿ ಅನ್ನೋ ಇನ್ನೊಂದು ತೊಂದ್ರೆ (ಒಳಗಿವಿಯ ಹರಳು ಜಾಗ ತಪ್ಪಿ ಬರೋ ತಲೆಸುತ್ತು), ನ್ಯೂರೈಟಿಸ್ ಆದ ಕಿವೀಲೇ ಇದು ಆಮೇಲೆ ಬರೋದುಂಟಂತೆ.

ಇಲ್ಲಿ ಸೆಂಟರ್‌ಗೆ ಮೊದಲ ಫುಲ್ ಮಾರ್ಕ್ಸ್. ಥೆರಪಿಸ್ಟ್ (ನನ್ನ ಮಗಳ ವಯಸ್ಸಿನ ಹುಡುಗಿ) ಕೂರಿಸ್ಕೊಂಡು ಕೇಳಿದ ಮೊದಲ ಪ್ರಶ್ನೆ, "ಮೇಡಂ, ತಲೆಸುತ್ತು ಅಂದ್ರೆ ನಿಮಗೆ ಏನಾಗುತ್ತೆ? ಮನೆ ತಿರುಗುತ್ತಾ, ನೀವು ತಿರುಗ್ತೀರಾ, ಕಣ್ಣು ಕತ್ತಲೆ ಬಂದು ಬವಳಿ ಬಂದ ಹಾಗಾಗುತ್ತಾ, ಇಲ್ಲ ನಡೆಯುವಾಗ ಮಾತ್ರ ಜೋಲಿ ಹೊಡೀತೀರಾ?" ಅಂತ. ಅಲ್ಲೀವರೆಗೆ ನೋಡಿದ ಯಾರೂ ಇದನ್ನ ಕೇಳಿರ್ಲಿಲ್ಲ, ತಲೆಸುತ್ತು ಅಂದ ತಕ್ಷಣ ಬಿಪಿ ನೋಡಿ ಮಾತ್ರೆ ಬರೆದಿದ್ರು ಅಷ್ಟೆ. ಬವಳಿ ಬೇರೆ, ಗಿರಗಿರ ಬೇರೆ, ತೂರಾಟ ಬೇರೆ, ನಮ್ಮ ಭಾಷೇಲೇ ಮೂರು ಮಾತಿದೆ, ಆದ್ರೂ ಹೇಳುವಾಗ ಎಲ್ಲದಕ್ಕೂ ತಲೆಸುತ್ತು ಅಂದು ಮುಗಿಸ್ಬಿಡ್ತೀವಿ.

ಆಮೇಲೆ 25 ಪ್ರಶ್ನೆಯ ಒಂದು ಫಾರ್ಮ್, ಡಿಎಚ್‌ಐ ಅಂತಾರೆ, ತಲೆಸುತ್ತು ದಿನದ ಬದುಕಿಗೆ ಎಷ್ಟು ಅಡ್ಡ ಬರ್ತಿದೆ ಅಂತ ನೂರಕ್ಕೆ ಅಂಕ. ಈ ಪರೀಕ್ಷೇಲಿ ಜಾಸ್ತಿ ಅಂಕ ಬಂದಷ್ಟೂ ಕೆಟ್ಟದ್ದು. ನನಗೆ 58. ಕೊನೇ ದಿನ ಮತ್ತೆ ಮಾಡ್ಸಿದಾಗ 22. 18 ಇಲ್ಲ ಅದಕ್ಕಿಂತ ಜಾಸ್ತಿ ಇಳಿದ್ರೆ ಅದು ನಿಜವಾದ ಸುಧಾರಣೆ ಅಂತ ಲೆಕ್ಕವಂತೆ, ಹಾಗಾಗಿ ಥೆರಪಿ ಕೆಲಸ ಮಾಡ್ತು ಅನ್ನೋದ್ರಲ್ಲಿ ನನಗೆ ಅನುಮಾನ ಇಲ್ಲ.

ದಪ್ಪ ಗಾಜಿನ ಕನ್ನಡಕ ಹಾಕ್ಸಿ, ತಲೆ ಎಡಕ್ಕೆ ತಿರುಗ್ಸಿ, ಗಬಕ್ಕಂತ ಹಿಂದಕ್ಕೆ ಮಲಗ್ಸಿದ್ರು. ಡಿಕ್ಸ್-ಹಾಲ್‌ಪೈಕ್ ಟೆಸ್ಟ್, 1952ರಿಂದ ಇದನ್ನೇ ಮಾಡ್ತಿದಾರಂತೆ. ಒಂದೆರಡು ಸೆಕೆಂಡ್ ಏನೂ ಇಲ್ಲ, ಆಮೇಲೆ ಶುರುವಾಯ್ತು ನೋಡಿ, ಅವಳ ಕೈ ಎರಡೂ ಗಟ್ಟಿಯಾಗಿ ಹಿಡ್ಕೊಂಡ್ಬಿಟ್ಟಿದ್ದೆ. ಕಣ್ಣುಗುಡ್ಡೆ ತಂತಾನೇ ಕುಣಿಯೋದನ್ನ ನೋಡಿ ಯಾವ ಕಿವಿ, ಯಾವ ನಾಳ ಅಂತ ಹೇಳಿದ್ಲು. ಒಳಗಿವೀಲಿ ಸುಣ್ಣದ ಹರಳುಗಳಿರ್ತವೆ, ಕ್ಯಾಲ್ಸಿಯಂ ಕಾರ್ಬೊನೇಟ್, ಬರಿಗಣ್ಣಿಗೆ ಕಾಣದಷ್ಟು ಚಿಕ್ಕವು, ಅವು ಇರೋ ಜಾಗ ಬಿಟ್ಟು ಪಕ್ಕದ ಅರೆವೃತ್ತದ ನಾಳಕ್ಕೆ ಬಿದ್ರೆ ಹೊರಳಿದಾಗೆಲ್ಲ ಈ ಆಟ. ಆ ಹರಳನ್ನ ವಾಪಸ್ ಜಾಗಕ್ಕೆ ಉರುಳ್ಸೋದೇ ಎಪ್ಲಿ ವಿಧಾನ, ಜಾನ್ ಎಪ್ಲಿ ಅನ್ನೋ ಅಮೆರಿಕದ ಕಿವಿ ಡಾಕ್ಟ್ರು 1992ರಲ್ಲಿ ಇದನ್ನ ಬರೆದು ಪ್ರಕಟಿಸಿದ್ರು. ಐದು ನಿಮಿಷದ ಕೆಲಸ. ಎರಡು ಸಲ ಮಾಡಿದ್ರು, ಆ ರಾತ್ರಿ ಎಡಕ್ಕೆ ಹೊರಳ್ದೆ, ಏನೂ ಆಗ್ಲಿಲ್ಲ. ಒಂದು ತಿಂಗಳ ನಿದ್ದೆಗೆಟ್ಟ ಕಾಟ ಐದು ನಿಮಿಷಕ್ಕೆ ಹೋಯ್ತಲ್ಲ ಅಂತ ಖುಷಿಗಿಂತ ಸಿಟ್ಟೇ ಜಾಸ್ತಿ ಬಂತು, ಮೊದ್ಲೇ ಯಾಕೆ ಯಾರೂ ಕಳ್ಸಿಲ್ಲ ಅಂತ.

ಸರಿ, ಇಷ್ಟಕ್ಕೆ ಮುಗ್ದಿದ್ರೆ ಐದು ಸ್ಟಾರ್. ಆದ್ರೆ ಹರಳು ಹೋದ್ರೂ ನರದ ತೊಂದ್ರೆ ಉಳ್ದಿತ್ತಲ್ಲ, ವಾಲೋದು, ತಲೆ ತಿರುಗ್ಸಿದ್ರೆ ಮಸುಕು. ಇದಕ್ಕೆ ಮಂತ್ರ ಮಾಡಿದ ಹಾಗೆ ಐದು ನಿಮಿಷದ ಉಪಾಯ ಇಲ್ಲ. ಥೆರಪಿಸ್ಟ್ ಹೇಳಿದ್ದು ಹೀಗೆ: ಎರಡು ಕಿವಿ ಜೋಡೆತ್ತಿದ್ದ ಹಾಗೆ, ಒಂದು ಸೊರಗಿದ್ರೆ ಗಾಡಿ ಒಂದೇ ಕಡೆಗೆ ಎಳೆಯುತ್ತೆ, ಸೊರಗಿದ ಎತ್ತು ಮೊದಲಿನ ಹಾಗೆ ಆಗದೇ ಇರ್ಬಹುದು, ಆದ್ರೆ ಗಾಡಿ ಹೊಡೆಯೋನು ಅದನ್ನ ತಿಳ್ಕೊಂಡು ನೆಟ್ಟಗೆ ಹೊಡೆಯೋದು ಕಲೀಬಹುದು. ಗಾಡಿ ಹೊಡೆಯೋನು ಅಂದ್ರೆ ಮೆದುಳು. ಗಾಡಿ ಓಡ್ಸದೇ ಅವನು ಕಲಿಯಲ್ಲ. ಇಡೀ ಆರು ಸಿಟ್ಟಿಂಗಲ್ಲಿ ನನಗೆ ನೆನಪುಳಿದ ಮಾತು ಇದೊಂದೇ, ಮತ್ತೆ ಇದೇ ಮಾತು ಆ ಹಾಳೇಲಿ ಎಲ್ಲೂ ಇರ್ಲಿಲ್ಲ!

ಈಗ ಹಾಳೆ ವಿಷಯ. ಜೆರಾಕ್ಸಿನ ಜೆರಾಕ್ಸು, ಅದರ ಮೇಲೆ ಇನ್ನೊಂದು ಜೆರಾಕ್ಸು. ಕಡ್ಡಿ ಮನುಷ್ಯನ ಚಿತ್ರ, ತಲೆ ಸುತ್ತ ಬಾಣ, ಬಾಣದ ತುದಿ ಯಾವ ಕಡೆಗಿದೆ ಅಂತ ಕಾಣ್ಸಲ್ಲ. ಎಂಟು ವ್ಯಾಯಾಮ, ಎಲ್ಲದರ ಮುಂದೆ "10 ಸಲ" ಅಂತ ಮಾತ್ರ. ಎಷ್ಟು ಜೋರಾಗಿ ತಿರುಗ್ಸ್ಬೇಕು, ದಿನಕ್ಕೆ ಎಷ್ಟು ಸಲ, ಮಾಡ್ದಾಗ ತಲೆ ಸುತ್ತಿದ್ರೆ ನಿಲ್ಸ್ಬೇಕಾ ಮುಂದುವರಿಸ್ಬೇಕಾ, ಏನೂ ಇಲ್ಲ. ಎಂಟರಲ್ಲಿ ಮೊದಲ ಎರಡು ಬರೀ ಕಣ್ಣು ಆಡ್ಸೋದು, ತಲೆ ಅಲ್ಲಾಡ್ಸ್ದೇ ಕಣ್ಣು ಮೇಲೆ ಕೆಳಗೆ, ಕಣ್ಣು ಎಡಕ್ಕೆ ಬಲಕ್ಕೆ. ನಾನು ನಿಷ್ಠೆಯಿಂದ ಎರಡು ವಾರ ಮಾಡ್ದೆ. ಆಮೇಲೆ ಓದಿದಾಗ ಗೊತ್ತಾಯ್ತು, ಈ ಪಟ್ಟಿ 1940ರ ದಶಕದಲ್ಲಿ ಕಾಥೋರ್ನ್ ಮತ್ತು ಕುಕ್ಸಿ ಅನ್ನೋ ಇಬ್ಬರು ಇಂಗ್ಲೆಂಡಿನ ಡಾಕ್ಟ್ರುಗಳು ಮಾಡಿದ್ದರ ಮೊಮ್ಮಗ. ಆ ಕಾಲಕ್ಕೆ ಅದು ದೊಡ್ಡ ಕೆಲಸ, ತಲೆಸುತ್ತಿನೋರನ್ನ ಮಲಗ್ಸಬೇಡಿ, ಎಬ್ಬಿಸಿ ಓಡಾಡ್ಸಿ ಅಂತ ಹೇಳಿದೋರೇ ಅವರು, ಅದಕ್ಕೆ ಕೈ ಮುಗೀತೀನಿ. ಆದ್ರೆ ಅಮೆರಿಕದ ಫಿಸಿಕಲ್ ಥೆರಪಿಯವರು 2022ರಲ್ಲಿ ಕೊಟ್ಟ ಮಾರ್ಗಸೂಚಿ, ನನ್ನಂಥ ಕಿವಿ ಸೊರಗಿದೋರಿಗೆ ತಲೆ ಅಲ್ಲಾಡದೇ ಬರೀ ಕಣ್ಣು ಆಡ್ಸೋ ವ್ಯಾಯಾಮ ಒಂದನ್ನೇ ಕೊಡಬೇಡಿ ಅಂತ ನೇರವಾಗಿ ಹೇಳುತ್ತೆ. ಕಲೀಬೇಕಾಗಿರೋದು ತಲೆ ಅಲ್ಲಾಡಿದಾಗ ಕಣ್ಣು ನಿಲ್ಲೋದನ್ನ, ತಲೇನೇ ಅಲ್ಲಾಡ್ಸ್ದೇ ಇದ್ರೆ ಏನ್ ಕಲಿಯೋದು, ನೀರಿಗಿಳಿಯದೇ ಈಜು ಕಲಿತ ಹಾಗೆ. ಮೂರನೇ ಸಿಟ್ಟಿಂಗಲ್ಲಿ ಕೇಳ್ದೆ, ಅವಳು ನಕ್ಕು "ಹೌದು ಮೇಡಂ, ಆ ಹಾಳೆ ಹಳೇದು, ಎಲ್ಲರಿಗೂ ಅದನ್ನೇ ಕೊಡ್ತಾರೆ" ಅಂದು ಅದರ ಹಿಂದೆ ಕೈಯಲ್ಲೇ ಬರ್ಕೊಟ್ಲು. ಒಂದೂವರೆ ಸ್ಟಾರಲ್ಲಿ ಒಂದು ಆ ಕೈಬರಹಕ್ಕೆ.

ಕೈಬರಹದಲ್ಲಿದ್ದ ಮುಖ್ಯ ವ್ಯಾಯಾಮ ಒಂದೇ. ಗೋಡೇಲಿ ಕಣ್ಣಿನ ಎತ್ತರಕ್ಕೆ ಒಂದು ಅಕ್ಷರ ಅಂಟಿಸೋದು, ನಾನು "ಕ" ಅಂತ ಬರೆದೆ, ಬೆರಳಿನ ಉಗುರಿನಷ್ಟು ದೊಡ್ಡದು. ಒಂದು ತೋಳಿನ ದೂರದಲ್ಲಿ ಕೂತು ಅಕ್ಷರದ ಮೇಲಿಂದ ಕಣ್ಣು ಕದಲಿಸ್ದೇ ತಲೆಯನ್ನ ಬೇಡ ಬೇಡ ಅನ್ನೋ ಹಾಗೆ ಎಡ ಬಲ ತಿರುಗ್ಸೋದು, ಜಾಸ್ತಿ ದೂರ ಬೇಡ, ಇಪ್ಪತ್ತು ಮೂವತ್ತು ಡಿಗ್ರಿ ಸಾಕು, ಆದ್ರೆ ವೇಗ ಬೇಕು. ಎಷ್ಟು ವೇಗ ಅಂದ್ರೆ ಅಕ್ಷರ ಇನ್ನೇನು ಕಲಸಿಹೋಗುತ್ತೆ ಅನ್ನೋವರೆಗೆ, ಕಲಸಿದ ತಕ್ಷಣ ಒಂಚೂರು ಕಮ್ಮಿ. ಅಕ್ಷರ ಸ್ಪಷ್ಟ ಇರ್ಬೇಕು, ಅದೇ ಇಡೀ ಆಟ. ಒಂದು ನಿಮಿಷ ಎಡ-ಬಲ, ಸ್ವಲ್ಪ ಬಿಟ್ಟು ಒಂದು ನಿಮಿಷ ಹೂಂ ಹೂಂ ಅನ್ನೋ ಹಾಗೆ ಮೇಲೆ-ಕೆಳಗೆ. ದಿನಕ್ಕೆ ಮೂರರಿಂದ ಐದು ಸಲ, ಪ್ರತಿ ಸಲ ಇದನ್ನೇ ಕೆಲವು ಸುತ್ತು, ಎಲ್ಲಾ ಕೂಡಿ ಹೊಸದಾಗಿ ತೊಂದ್ರೆ ಶುರುವಾದೋರಿಗೆ ಕನಿಷ್ಠ 12 ನಿಮಿಷ, ಹಳೇದಾಗಿದ್ರೆ ಕನಿಷ್ಠ 20 ನಿಮಿಷ, ಅದೇ 2022ರ ಲೆಕ್ಕ. ಒಂದೇ ಸಲಕ್ಕೆ 20 ನಿಮಿಷ ಮಾಡೋಕೆ ಹೋಗಬೇಡಿ, ನಾನು ಹೋಗಿದ್ದೆ, ಸಂಜೆವರೆಗೆ ಮಲಗಿದ್ದೆ.

ಮೊದಲ ವಾರ ಎಷ್ಟು ಮಾಡಿದ್ರೂ ನನ್ನ ಅಕ್ಷರ ಈಜಾಡ್ತಾನೇ ಇತ್ತು. ಆಮೇಲೆ ಗೊತ್ತಾಯ್ತು ಕನ್ನಡಕದ್ದು ತಪ್ಪು ಅಂತ. ನಂದು ಪ್ರೋಗ್ರೆಸಿವ್ ಕನ್ನಡಕ, ದೂರದ್ದು ಹತ್ತಿರದ್ದು ಒಂದರಲ್ಲೇ, ತಲೆ ಅಲ್ಲಾಡ್ದಾಗ ಗಾಜಿನ ಬೇರೆ ಬೇರೆ ಭಾಗದಿಂದ ನೋಡೋ ಹಾಗಾಗಿ ಅಕ್ಷರ ತಾನಾಗೇ ಕುಣಿಯುತ್ತೆ. ಹಳೇ ಒಂಟಿ ಪವರಿನ ಕನ್ನಡಕ ಹುಡುಕಿ ಹಾಕ್ಕೊಂಡೆ, ಅರ್ಧ ತೊಂದ್ರೆ ಹೋಯ್ತು. ನಲವತ್ತೈದು ದಾಟಿದೋರು ಎಷ್ಟು ಜನ ಈ ಥೆರಪಿಗೆ ಬರ್ತಾರೆ, ಕನ್ನಡಕ ಯಾವುದು ಅಂತ ಮೊದಲ ದಿನಾನೇ ಒಂದು ಮಾತು ಕೇಳ್ಬಾರ್ದಾ? ಇದಕ್ಕೆ ಅರ್ಧ ಸ್ಟಾರ್ ಕಟ್.

ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಏರ್ಸೋದು, ಕೂತು ಆದ್ಮೇಲೆ ನಿಂತು, ನಿಂತು ಆದ್ಮೇಲೆ ಕಾಲು ಜೋಡ್ಸಿ, ಬರೀ ಗೋಡೆ ಆದ್ಮೇಲೆ ಚೌಕುಳಿ ಬೆಡ್‌ಶೀಟ್ ತೂಗುಹಾಕಿ ಅದರ ಮೇಲೆ ಅಕ್ಷರ. ಚೌಕುಳಿ ಬೆಡ್‌ಶೀಟ್ ಅಂದ್ರೆ ನಗಬೇಡಿ, ಮೊದಲ ದಿನ ಹತ್ತು ಸೆಕೆಂಡಿಗೆ ಹೊಟ್ಟೆ ತೊಳೆಸಿತ್ತು. ಅಂಗಡೀಲಿ ಎರಡೂ ಕಡೆ ಸಾಲು ಸಾಲು ಸಾಮಾನು ಇದ್ರೆ, ಜನ ಓಡಾಡ್ತಿದ್ರೆ, ಫೋನಲ್ಲಿ ಜೋರಾಗಿ ಸ್ಕ್ರೋಲ್ ಮಾಡಿದ್ರೆ ತಲೆ ಸುತ್ತೋದು ಇದೇ ಕಾರಣಕ್ಕೆ, ಕಿವಿ ಕೈಕೊಟ್ಟಾಗ ಮೆದುಳು ಕಣ್ಣನ್ನೇ ನಂಬ್ಕೊಂಡುಬಿಟ್ಟಿರುತ್ತೆ, ಕಣ್ಣೆದುರು ಎಲ್ಲಾ ಓಡಾಡಿದ್ರೆ ನಾವೇ ಓಡಾಡ್ದ ಹಾಗೆ ಅನ್ಸುತ್ತೆ.

ಎಲ್ಲಕ್ಕಿಂತ ಮುಖ್ಯದ್ದು, ಹಾಳೇಲಿ ದಪ್ಪಕ್ಷರದಲ್ಲಿ ಇರ್ಬೇಕಾಗಿದ್ದು, ಇಲ್ಲದೇ ಇದ್ದದ್ದು: ವ್ಯಾಯಾಮ ಮಾಡ್ದಾಗ ಸ್ವಲ್ಪ ತಲೆ ಸುತ್ತಲೇಬೇಕು. ನಾವು ತಲೆ ಸುತ್ತಬಾರ್ದು ಅಂತ ದುಡ್ಡು ಕೊಟ್ಟು ಹೋಗಿರ್ತೀವಿ, ಸುತ್ತಿದ ತಕ್ಷಣ ಹೆದರಿ ನಿಲ್ಲಿಸ್ತೀವಿ. ನಾನು ಮೊದಲ ಹತ್ತು ದಿನ ಸುತ್ತದೇ ಇರೋ ಹಾಗೆ ಮೆಲ್ಲಗೆ ಮೆಲ್ಲಗೆ ಮಾಡಿ, ನೋಡಿ ಎಷ್ಟು ಚೆನ್ನಾಗಿ ಮಾಡ್ತಿದೀನಿ ಅಂದ್ಕೊಂಡಿದ್ದೆ. ದಂಡ. ಅವಳು ಹೇಳ್ಕೊಟ್ಟ ಲೆಕ್ಕ ಇದು, ಶುರು ಮಾಡೋ ಮುಂಚೆ ತಲೆಸುತ್ತಿಗೆ ಹತ್ತಕ್ಕೆ ಎಷ್ಟು ಅಂತ ಒಂದು ನಂಬರ್ ಕೊಟ್ಕೊಳ್ಳಿ, ಮಾಡ್ದಾಗ ಎರಡು ಮೂರು ಏರ್ಬಹುದು, ನಿಲ್ಲಿಸಿ ಹದಿನೈದು ಇಪ್ಪತ್ತು ನಿಮಿಷಕ್ಕೆ ಮೊದಲಿನ ನಂಬರಿಗೆ ಇಳೀಬೇಕು. ಏರಲೇ ಇಲ್ಲ ಅಂದ್ರೆ ಸುಲಭ ಆಯ್ತು, ಮುಂದಿನದಕ್ಕೆ ಹೋಗಿ. ಏರಿ ಅರ್ಧ ದಿನ ಇಳೀಲೇ ಇಲ್ಲ ಅಂದ್ರೆ ಜಾಸ್ತಿ ಆಯ್ತು, ವೇಗ ಅಥವಾ ಸಮಯ ಕಮ್ಮಿ ಮಾಡಿ, ಪೂರ್ತಿ ಬಿಡಬೇಡಿ. ಒಂದು ಹಳೇ ನೋಟ್‌ಬುಕ್ಕಲ್ಲಿ ನಂಬರ್ ಬರೀತಾ ಹೋದೆ, ಮೊದಲ ವಾರ 4ರಿಂದ 7ಕ್ಕೆ ಹೋಗಿದ್ದು ಆರನೇ ವಾರದಲ್ಲಿ ಅದೇ ವ್ಯಾಯಾಮಕ್ಕೆ 1ರಿಂದ 2. ಮನಸ್ಸಿಗೆ ಏನೂ ಗುಣ ಆಗಿಲ್ಲ ಅನ್ಸಿದ ದಿನ ಆ ಬುಕ್ಕು ತೆಗೆದು ನೋಡ್ತಿದ್ದೆ.

ನಿಲ್ಲೋ ವ್ಯಾಯಾಮಕ್ಕೆ ಜಾಗ ಮುಖ್ಯ. ರೂಮಿನ ಮೂಲೆಗೆ ಬೆನ್ನು ಕೊಟ್ಟು ನಿಂತು ಮುಂದೊಂದು ಕುರ್ಚಿ, ಒರಗು ನಮ್ಮ ಕಡೆಗೆ. ಬಿದ್ರೆ ಎಡಕ್ಕೂ ಗೋಡೆ ಬಲಕ್ಕೂ ಗೋಡೆ ಮುಂದೆ ಕುರ್ಚಿ. ಕಾಲು ಜೋಡ್ಸಿ ಕಣ್ಣು ಬಿಟ್ಟು 30 ಸೆಕೆಂಡ್, ಆಮೇಲೆ ಕಣ್ಣು ಮುಚ್ಚಿ, ಆಮೇಲೆ ಒಂದು ಪಾದದ ಮುಂದೆ ಇನ್ನೊಂದು. ಅದಾದ್ಮೇಲೆ ಮೆತ್ತನೆ ಮೇಲೆ, ಯಾಕಂದ್ರೆ ಗಟ್ಟಿ ನೆಲ ಇದ್ರೆ ಪಾದಾನೇ ಮೆದುಳಿಗೆ ಸುದ್ದಿ ಕೊಟ್ಬಿಡುತ್ತೆ, ಮೆತ್ತಗಿದ್ರೆ ಪಾದದ ಸುದ್ದಿ ಮಸುಕಾಗಿ ಕಿವೀನೇ ಕೆಲಸ ಮಾಡ್ಬೇಕಾಗುತ್ತೆ. "ಮನೇಲಿರೋ ದಿಂಬು ಸಾಕು ಮೇಡಂ" ಅಂದಿದ್ರು. ಸಾಕಾಗ್ಲಿಲ್ಲ. ಟೈಲ್ಸ್ ಮೇಲೆ ದಿಂಬು ಇಟ್ಟು ಹತ್ತಿದೆ, ಕಣ್ಣು ಮುಚ್ಚಿದೆ, ದಿಂಬು ಸರ್ರನೆ ಜಾರ್ತು, ಮೂಲೇಲಿ ನಿಂತಿದ್ದಕ್ಕೆ ಭುಜ ಗೋಡೆಗೆ ತಾಗಿ ಉಳ್ಕೊಂಡೆ. ದಿಂಬಿನ ಕೆಳಗೆ ರಬ್ಬರ್ ಮ್ಯಾಟ್ ಹಾಕಿ, ಕಾಲಲ್ಲಿ ಸಾಕ್ಸ್ ಬೇಡವೇ ಬೇಡ, ಮೊದಲ ವಾರ ಪಕ್ಕದಲ್ಲಿ ಯಾರಾದ್ರೂ ಇರ್ಲಿ. ನಮ್ಮನೆಯೋರು ಫೋನ್ ನೋಡ್ಕೊಂಡು ನಿಂತಿರ್ತಿದ್ರು, ಅದು ಲೆಕ್ಕಕ್ಕಿಲ್ಲ, ಕೈ ಚಾಚಿ ನಿಲ್ಲೋಕೆ ಹೇಳಿ.

ಆಮೇಲೆ ಬ್ಯಾಲೆನ್ಸ್ ಪ್ಯಾಡ್ ಅಂತ ಆನ್‌ಲೈನಲ್ಲಿ ತರಿಸ್ದೆ, ಎರಡು. ಮೊದಲನೇದು ಸ್ಪಂಜಿನ ಹಾಗೆ, ಹತ್ತಿದ ತಕ್ಷಣ ಪೂರ್ತಿ ಚಪ್ಪಟೆಯಾಗಿ ನೆಲಕ್ಕೇ ತಾಗ್ತು, ಅದರ ಮೇಲೆ ನಿಲ್ಲೋದೂ ನೆಲದ ಮೇಲೆ ನಿಲ್ಲೋದೂ ಒಂದೇ. ಎರಡನೇದು ಸುಮಾರು ಆರು ಸೆಂಟಿಮೀಟರ್ ದಪ್ಪ, ಒತ್ತಿದ್ರೆ ನಿಧಾನಕ್ಕೆ ಒಳಗೆ ಹೋಗಿ ವಾಪಸ್ ತಳ್ಳೋ ಫೋಮು, ಅದು ಸರಿಯಾದದ್ದು. ತಗೊಳ್ಳೋರು ದಪ್ಪಕ್ಕಿಂತ ಈ ವಾಪಸ್ ತಳ್ಳೋ ಗುಣ ನೋಡಿ ತಗೊಳ್ಳಿ. ಎರಡನೇದಕ್ಕೆ ನಾಲ್ಕೂವರೆ ಸ್ಟಾರ್, ಅರ್ಧ ಕಟ್ ಯಾಕಂದ್ರೆ ಧೂಳು ಅಂಟುತ್ತೆ, ವಾರಕ್ಕೊಂದ್ಸಲ ಒರೆಸ್ಬೇಕು.

ಆಪ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಸೆಂಟರಿನೋರದ್ದೇ ಒಂದು ಆಪ್, ವಿಡಿಯೋ ಇದೆ, ಜ್ಞಾಪಕ ಮಾಡ್ಸುತ್ತೆ. ಆದ್ರೆ ವಿಡಿಯೋ ನೋಡ್ಕೊಂಡು ವ್ಯಾಯಾಮ ಮಾಡೋಕಾಗುತ್ತಾ? ಕಣ್ಣು ಗೋಡೆ ಮೇಲಿರ್ಬೇಕು ತಾನೆ. ನಾನು ಉಪಯೋಗ್ಸಿದ್ದು ಬರೀ ಟಿಕ್ ಟಿಕ್ ಸದ್ದು, ತಾಳಕ್ಕೆ ತಲೆ ತಿರುಗ್ಸೋಕೆ, ನಿಮಿಷಕ್ಕೆ 60ರಿಂದ ಶುರು ಮಾಡಿ ಕೊನೆಗೆ 120ಕ್ಕೆ ಬಂದೆ. ಅದಕ್ಕೆ ಯಾವ ಮೆಟ್ರೊನೋಮ್ ಆದ್ರೂ ಸಾಕು. ಎರಡು ಸ್ಟಾರ್.

ಆಪಿನಿಂದ ಒಂದು ಎಡವಟ್ಟೂ ಆಯ್ತು. ಮೂರನೇ ತಿಂಗಳಲ್ಲಿ ಮತ್ತೆ ಹೊರಳಿದಾಗ ಗಿರಗಿರ ಬಂತು. ಬಿಪಿಪಿವಿ ಮರುಕಳಿಸೋದು ಮಾಮೂಲಿ ಅಂತ ಹೇಳಿದ್ರು, ಹಾಗಾಗಿ ಹೆದರದೇ ಆಪ್ ತೆಗೆದು ಮನೇಲೇ ಮಾಡೋ ಎಪ್ಲಿ ವಿಡಿಯೋ ಹಾಕ್ದೆ, ಅದರಲ್ಲಿ ತೋರ್ಸಿದ ಹಾಗೇ ಮಾಡ್ದೆ, ಮೂರು ದಿನ. ಏನೂ ಪ್ರಯೋಜನ ಇಲ್ಲ, ಮೇಲಾಗಿ ಹೊಟ್ಟೆ ತೊಳೆಸೋದು. ಮಗಳು ನೋಡಿ "ಅಮ್ಮಾ, ಇದು ಬಲಗಿವಿದು, ನಿನಗೆ ಎಡಗಿವಿ ಅಲ್ವಾ?" ಅಂದ್ಲು. ವಿಡಿಯೋ ಶುರುವಲ್ಲಿ ಎಲ್ಲೂ ಹೇಳಿಲ್ಲ, ಕೊನೇಲಿ ಸಣ್ಣ ಅಕ್ಷರದಲ್ಲಿದೆ. ಎಡಗಿವಿಯೋರಿಗೆ ಹೀಗೆ: ಭುಜದ ಕೆಳಗೆ ಬರೋ ಹಾಗೆ ದಿಂಬು ಇಟ್ಟು ಹಾಸಿಗೇಲಿ ಕಾಲು ಚಾಚಿ ಕೂತು, ತಲೆ 45 ಡಿಗ್ರಿ ಎಡಕ್ಕೆ, ಹಾಗೇ ಹಿಂದಕ್ಕೆ ಮಲಗೋದು, ತಲೆ ದಿಂಬಿನಾಚೆ ಸ್ವಲ್ಪ ಹಿಂದಕ್ಕೆ ಬಾಗಿರ್ಬೇಕು, 30 ಸೆಕೆಂಡ್ ಅಥವಾ ಸುತ್ತೋದು ನಿಲ್ಲೋವರೆಗೆ. ತಲೆ ಎತ್ತದೇ 90 ಡಿಗ್ರಿ ಬಲಕ್ಕೆ, ಮತ್ತೆ ಅಷ್ಟೇ ಹೊತ್ತು. ಆಮೇಲೆ ಮೈ ಸಮೇತ ಬಲ ಮಗ್ಗುಲಿಗೆ, ಮೂಗು ನೆಲ ನೋಡೋ ಹಾಗೆ, ಮತ್ತೆ ಅಷ್ಟೇ ಹೊತ್ತು. ಗಲ್ಲ ಎದೆ ಕಡೆಗೆ ಬಾಗ್ಸಿ ನಿಧಾನಕ್ಕೆ ಏಳೋದು, ಎದ್ದ ತಕ್ಷಣ ನಿಲ್ಲಬೇಡಿ. ಬಲಗಿವಿ ಆದ್ರೆ ಎಲ್ಲಾ ಉಲ್ಟಾ. ಯಾವ ಕಿವಿ, ಯಾವ ನಾಳ ಅಂತ ಒಂದು ಸಲವಾದ್ರೂ ತಿಳಿದೋರು ಪರೀಕ್ಷೆ ಮಾಡಿ ಹೇಳದೇ ಇದನ್ನ ಮಾಡಬೇಡಿ, ಕುತ್ತಿಗೆ ತೊಂದ್ರೆ ಇದ್ರಂತೂ ಕೇಳ್ದೇ ಮಾಡಲೇಬೇಡಿ. ಸರಿಯಾದ ಕಡೆ ಮಾಡಿದ ಮೇಲೆ ಎರಡನೇ ದಿನಕ್ಕೆ ಹೋಯ್ತು.

ಇನ್ನೊಂದು ಹಳೇ ಪದ್ಧತಿ. ಮೊದಲ ದಿನ ಎಪ್ಲಿ ಆದ್ಮೇಲೆ ರಿಸೆಪ್ಷನ್ನಲ್ಲಿ ಇನ್ನೊಬ್ರು, ಎರಡು ರಾತ್ರಿ ಕೂತೇ ಮಲಗಿ, ಬಗ್ಗಬೇಡಿ, ಕುತ್ತಿಗೆ ಪಟ್ಟಿ ಹಾಕ್ಕೊಳ್ಳಿ ಅಂತ ಹೇಳಿ ಪಟ್ಟಿ ಮಾರೋಕೂ ನೋಡಿದ್ರು. ನಮ್ಮ ಥೆರಪಿಸ್ಟ್ ಕೇಳ್ಸ್ಕೊಂಡು ಬಂದು ಅದೇನೂ ಬೇಡ, ಮಾಮೂಲಿ ಮಲಗಿ ಅಂದ್ಲು. ಅವಳದ್ದೇ ಸರಿ, ಅಮೆರಿಕದ ಕಿವಿ ಮೂಗು ಗಂಟಲು ಡಾಕ್ಟ್ರುಗಳ 2017ರ ಮಾರ್ಗಸೂಚಿ ಇಂಥ ನಿರ್ಬಂಧ ಹೇಳಬೇಡಿ ಅಂತಾನೇ ಹೇಳುತ್ತೆ. ಒಂದೇ ಛಾವಣಿ ಕೆಳಗೆ ಎರಡು ನಾಲಿಗೆ. ಪಟ್ಟಿ ತಗೊಂಡಿದ್ರೆ ಇನ್ನೊಂದು ಕಷ್ಟ ಆಗ್ತಿತ್ತು, ಯಾಕಂದ್ರೆ ನಾನು ಆಗಲೇ ಎರಡು ತಿಂಗಳಿಂದ ತಲೆ ತಿರುಗ್ಸೋಕೆ ಹೆದರಿ ಕೊರಡಿನ ಹಾಗೆ ಇಡೀ ಮೈಯನ್ನೇ ತಿರುಗ್ಸಿ ನೋಡ್ತಿದ್ದೆ, ಕುತ್ತಿಗೆ ಕಲ್ಲಾಗಿತ್ತು, ಅದರಿಂದ ಬೇರೆ ತಲೆನೋವು.

ಮಾತ್ರೆ ವಿಷಯದಲ್ಲೂ ಅಷ್ಟೆ. ಮೊದಲ ಎರಡು ದಿನ ವಾಂತಿ ನಿಲ್ಸೋಕೆ ಕೊಟ್ಟ ತಲೆಸುತ್ತಿನ ಮಾತ್ರೇನ ನಾನು ಎರಡು ತಿಂಗಳು ನುಂಗ್ತಾನೇ ಇದ್ದೆ, ಯಾರೂ ಸಾಕು ಅನ್ಲಿಲ್ಲ. ಥೆರಪಿಸ್ಟ್ ಎರಡನೇ ಸಲಕ್ಕೆ ಕೇಳಿ, ಈ ಜಾತಿ ಮಾತ್ರೆ ಮೊದಲ ಕೆಲವು ದಿನಕ್ಕೆ ಸರಿ, ತಿಂಗಳುಗಟ್ಟಲೆ ತಗೊಂಡ್ರೆ ಮೆದುಳಿಗೆ ಕಲಿಯೋಕೇ ಬಿಡಲ್ಲ, ಡಾಕ್ಟ್ರನ್ನ ಕೇಳಿ ಅಂತ ಕಳ್ಸಿದ್ಲು. ಡಾಕ್ಟ್ರು ಇಳಿಸ್ತಾ ಬಂದು ನಿಲ್ಸಿದ್ರು. ನೀವು ನೀವೇ ನಿಲ್ಲಿಸ್ಬೇಡಿ, ಕೇಳಿ, ಆದ್ರೆ ಕೇಳಿ.

ಮನೇಲಿ ಮಾಡ್ಕೊಂಡ ಸಣ್ಣಪುಟ್ಟ ಬದಲಾವಣೆ: ರಾತ್ರಿ ಬಾತ್‌ರೂಮ್ ದಾರೀಲಿ ಒಂದು ಪುಟ್ಟ ದೀಪ, ಯಾಕಂದ್ರೆ ಕತ್ತಲಲ್ಲಿ ಕಣ್ಣಿನ ಸಹಾಯಾನೂ ಹೋಗುತ್ತೆ. ಏಳುವಾಗ ಹಾಸಿಗೆ ಅಂಚಲ್ಲಿ ಒಂದು ನಿಮಿಷ ಕೂರೋದು. ತಲೆಗೆ ಸ್ನಾನ ಮಾಡುವಾಗ ಕಣ್ಣು ಮುಚ್ಚಬೇಕಲ್ಲ, ಆಗ ಒಂದು ಕೈ ಗೋಡೆಗೆ, ಬರೀ ಬೆರಳ ತುದಿ ತಾಗಿದ್ರೂ ಸಾಕು, ಎಷ್ಟು ಧೈರ್ಯ ಬರುತ್ತೆ ನೋಡಿ. ಜಾರೋ ಮ್ಯಾಟ್ ಎಲ್ಲಾ ಎತ್ತಿಟ್ಟೆ. ಸ್ಟೂಲ್ ಹತ್ತೋದು ಬಿಟ್ಟೆ. ಡ್ರೈವಿಂಗ್ ತಲೆ ಎರಡೂ ಕಡೆ ಜೋರಾಗಿ ತಿರುಗ್ಸಿದ್ರೂ ರಸ್ತೆ ನೆಟ್ಟಗೆ ಕಾಣೋವರೆಗೆ ಮುಟ್ಲಿಲ್ಲ, ಡಾಕ್ಟ್ರೂ ಹೂಂ ಅಂದ್ಮೇಲೇ ಶುರು ಮಾಡಿದ್ದು. ದಿನಾ ನಡೆಯೋದು ಮಾತ್ರ ಒಂದು ದಿನಾನೂ ತಪ್ಪಿಸ್ಲಿಲ್ಲ, ನಡೀತಾ ನಡೀತಾ ಮೂರು ಹೆಜ್ಜೆಗೆ ಎಡ ನೋಡೋದು ಮೂರು ಹೆಜ್ಜೆಗೆ ಬಲ ನೋಡೋದು, ಮೊದಲು ಮನೆಯೊಳಗೆ ಗೋಡೆ ಪಕ್ಕ, ಆಮೇಲೆ ಹೊರಗೆ. ನೋಡಿದೋರು ಈಯಮ್ಮ ಯಾರನ್ನೋ ಹುಡುಕ್ತಿದಾಳೆ ಅಂದ್ಕೊಂಡಿರ್ತಾರೆ, ಅಂದ್ಕೊಳ್ಲಿ.

ಹಿಂದಿನ ತಿಂಗಳು ಜೋರು ಶೀತ, ಮೂರು ರಾತ್ರಿ ನಿದ್ದೆ ಇಲ್ಲ, ವಾಲೋದು ಪೂರ್ತಿ ವಾಪಸ್ ಬಂದ ಹಾಗಾಯ್ತು. ಸೆಂಟರ್‌ಗೆ ಫೋನ್ ಮಾಡ್ದೆ, "ಏನೇ ತೊಂದ್ರೆ ಇದ್ರೂ ಫೋನ್ ಮಾಡಿ" ಅಂತ ದೊಡ್ಡದಾಗಿ ಬರೆದಿದ್ದ ನಂಬರಿಗೆ. ಎತ್ತಲಿಲ್ಲ. ಮೂರು ದಿನ ಎತ್ತಲಿಲ್ಲ. ಮೈ ಹುಷಾರಿಲ್ಲದಾಗ, ನಿದ್ದೆಗೆಟ್ಟಾಗ ಮೆದುಳು ಕಲ್ತಿದ್ದು ಸ್ವಲ್ಪ ಸಡಿಲ ಆಗುತ್ತೆ, ಹಳೇ ವ್ಯಾಯಾಮ ಸುಲಭದ್ದರಿಂದ ಮತ್ತೆ ಶುರು ಮಾಡಿದ್ರೆ ಈ ಸಲ ಬೇಗ ಸರಿಹೋಗುತ್ತೆ, ಇದನ್ನ ಮೊದಲೇ ಒಂದು ಸಾಲು ಹೇಳಿದ್ರೆ ನಾನು ಫೋನೇ ಮಾಡ್ತಿರ್ಲಿಲ್ಲ. ಐದು ದಿನಕ್ಕೆ ಸರಿಹೋಯ್ತು. ಆದ್ರೆ ಅವರು ಒಂದನ್ನ ಸರಿಯಾಗಿ ಬಾಯಿಪಾಠ ಮಾಡ್ಸಿದ್ರು, ಅದನ್ನ ಹೇಳ್ಲೇಬೇಕು. ತಲೆಸುತ್ತಿನ ಜೊತೆ ಮಾತು ತೊದಲಿದ್ರೆ, ಒಂದೇ ವಸ್ತು ಎರಡಾಗಿ ಕಂಡ್ರೆ, ಮುಖ ಸೊಟ್ಟ ಆದ್ರೆ, ಕೈಕಾಲಲ್ಲಿ ಬಲ ಹೋದ್ರೆ, ಹಿಂದೆಂದೂ ಬರದಂಥ ತಲೆನೋವು ಬಂದ್ರೆ, ಹಿಡ್ಕೊಂಡ್ರೂ ನಿಲ್ಲೋಕಾಗದೇ ಹೋದ್ರೆ, ಆಗ ಹಾಳೆಯೂ ಇಲ್ಲ ವ್ಯಾಯಾಮವೂ ಇಲ್ಲ, ನೇರ ಎಮರ್ಜೆನ್ಸಿ, ಅದು ಮೆದುಳಿನ ಸ್ಟ್ರೋಕ್ ಇರ್ಬಹುದು. ಕಿವಿ ಇದ್ದಕ್ಕಿದ್ದ ಹಾಗೆ ಕೇಳದೇ ಹೋದ್ರೂ ಅವತ್ತೇ ಡಾಕ್ಟ್ರ ಹತ್ರ. ಇದನ್ನ ನನ್ನ ಕೈಲೂ ನಮ್ಮನೆಯೋರ ಕೈಲೂ ಎರಡು ಸಲ ಹೇಳಿಸಿದ್ಲು ಆ ಹುಡುಗಿ, ಫೋನ್ ನೋಡ್ತಾ ಇದ್ದ ನಮ್ಮನೆಯೋರೂ ತಲೆ ಎತ್ತಿ ಹೇಳಿದ್ರು.

ಹಾಗಾಗಿ ಥೆರಪಿಸ್ಟ್‌ಗೆ ಐದಕ್ಕೆ ಐದು, ಕನ್ನಡಕದ್ದು ಸೇರಿಸಿ ನಾಲ್ಕೂವರೆ. ಸೆಂಟರ್‌ಗೆ ಒಟ್ಟಾರೆ ನಾಲ್ಕು. ಹಾಳೆಗೆ ಒಂದೂವರೆ, ಆಗಲೇ ಹೇಳಿದೀನಿ. ಫೋನಿಗೆ ಸೊನ್ನೆ. ಹೋಗೋದಾದ್ರೆ ಹೋಗಿ, ಆದ್ರೆ ಪ್ರತಿ ವ್ಯಾಯಾಮಾನೂ ಅವರೆದುರೇ ಒಂದು ಸಲ ಮಾಡಿ ತೋರ್ಸಿ, ನಿಮ್ಮ ಫೋನಲ್ಲೇ ವಿಡಿಯೋ ಮಾಡ್ಸ್ಕೊಳ್ಳಿ, ಎಷ್ಟು ಸೆಕೆಂಡ್, ದಿನಕ್ಕೆ ಎಷ್ಟು ಸಲ, ಎಷ್ಟು ಸುತ್ತಿದ್ರೆ ಸರಿ, ಯಾವಾಗ ಮುಂದಿನದಕ್ಕೆ ಹೋಗೋದು ಅಂತ ಬರೆಸ್ಕೊಳ್ದೇ ಕುರ್ಚಿಯಿಂದ ಏಳಬೇಡಿ.

ಮೂರು ತಿಂಗಳಾದ್ಮೇಲೆ ನಾವೇ ಫೋನ್ ಮಾಡಿ ವಿಚಾರಿಸ್ತೀವಿ ಅಂದಿದ್ರು, ನಾಲ್ಕಾಯ್ತು, ಬಂದಿಲ್ಲ. ಬಂದ್ರೆ ಇಲ್ಲೇ ಅಪ್‌ಡೇಟ್ ಮಾಡ್ತೀನಿ. ಗೋಡೆ ಮೇಲಿನ "ಕ" ಇನ್ನೂ ಹಾಗೇ ಇದೆ, ಬಣ್ಣ ಕಿತ್ಬರುತ್ತೆ ಅಂತ ಮಗಳು ತೆಗಿ ತೆಗಿ ಅಂತಿದಾಳೆ.